ಜಾಲರಿ ತಿರುಗಿಸಿ ಅಂತ ಬರೆಯಿರಿ: ಸೈಕಲ್‌ಗೆ ಅಪಾಯವಾದ ಜಂಕ್ಷನ್ ಸರಿ ಮಾಡಿಸುವ ದಾರಿ

ನಮ್ಮ ಮನೆಯಿಂದ ಆಫೀಸಿಗೆ ಒಂಬತ್ತು ಕಿಲೋಮೀಟರ್. ಎಂಟೂವರೆ ಕಿಲೋಮೀಟರ್ ಸೈಕಲ್ ತುಳಿಯುವಾಗ ತಲೆಯೊಳಗೆ ಯಾವುದೋ ಹಾಡು ಓಡುತ್ತಿರುತ್ತದೆ. ಉಳಿದ ಅರ್ಧ ಕಿಲೋಮೀಟರ್ ಅಂದರೆ ದಾರಿಯಲ್ಲಿ ಸಿಗುವ ಐದು ಜಂಕ್ಷನ್‌ಗಳು. ಅಲ್ಲಿ ಹಾಡು ತಾನಾಗಿ ನಿಂತುಹೋಗುತ್ತದೆ. ಬೆಂಗಳೂರಿನಲ್ಲಿ ಸೈಕಲ್ ಹೊಡೆಯುವ ಯಾರನ್ನು ಬೇಕಾದರೂ ಕೇಳಿ, ನೇರ ರಸ್ತೆಗಿಂತ ನಾಲ್ಕು ರಸ್ತೆ ಸೇರುವ ಜಾಗದ ಭಯವೇ ಜಾಸ್ತಿ.

ಆ ಐದರಲ್ಲಿ ಒಂದು ಜಂಕ್ಷನ್‌ನ ಒಂದೇ ಒಂದು ಮೂಲೆ ಸರಿ ಮಾಡಿಸಲು ನನಗೆ ಏಳು ತಿಂಗಳು ಹಿಡಿಯಿತು. ಅದರಲ್ಲಿ ಆರು ತಿಂಗಳು ನನ್ನದೇ ತಪ್ಪು. "ಈ ಜಂಕ್ಷನ್ ತುಂಬಾ ಡೇಂಜರ್, ದಯವಿಟ್ಟು ಕ್ರಮ ತೆಗೆದುಕೊಳ್ಳಿ" ಅಂತ ಬರೆದು ಕಳಿಸುತ್ತಿದ್ದೆ. ಇದನ್ನು ಓದಿದ ಇಂಜಿನಿಯರ್ ಏನು ಮಾಡಬೇಕು ಹೇಳಿ? 'ಡೇಂಜರ್' ಅನ್ನುವುದಕ್ಕೆ ಎಸ್ಟಿಮೇಟ್ ಹಾಕಲು ಬರುವುದಿಲ್ಲ. ಏಳನೇ ತಿಂಗಳು ಬೇರೆ ಥರ ಬರೆದೆ: "ಔಷಧಿ ಅಂಗಡಿ ಎದುರಿನ ಚರಂಡಿ ಜಾಲರಿಯ ಸಂದುಗಳು ಗಾಡಿ ಹೋಗುವ ದಿಕ್ಕಿಗೇ ಇವೆ. ಸೈಕಲ್ ಚಕ್ರ ಒಳಗೆ ಇಳಿಯುತ್ತದೆ. ಜಾಲರಿಯನ್ನು ಅಡ್ಡಲಾಗಿ ತಿರುಗಿಸಿ ಕೂರಿಸಿ." ಒಂದು ವೆಲ್ಡಿಂಗ್ ಮಷಿನ್, ಇಬ್ಬರು ಕೆಲಸದವರು, ಮುಕ್ಕಾಲು ಗಂಟೆ. ಅಷ್ಟೇ ಕೆಲಸ.

ಒಂದು ಜಾಗ, ಒಂದು ದೋಷ, ಒಂದು ಪರಿಹಾರ, ಒಂದು ಇಲಾಖೆ. ನಾನು ಕಲಿತದ್ದು ಇಷ್ಟೇ. ಅದನ್ನು ಮಾಡುವುದು ಹೇಗೆ ಅನ್ನುವುದು ಕೆಳಗಿದೆ.

ಮೊದಲು ಸುಮ್ನೆ ನಿಂತು ನೋಡಿ

ಫೋಟೋ ತೆಗೆಯುವ ಮೊದಲು, ದೂರು ಕೊಡುವ ಆ್ಯಪ್ ತೆರೆಯುವ ಮೊದಲು, ಜಂಕ್ಷನ್‌ನ ಫುಟ್‌ಪಾತ್ ಮೇಲೆ ಒಂದು ಗಂಟೆ ನಿಲ್ಲಿ. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆ ಒಂದು ಸಲ, ಕತ್ತಲಾದ ಮೇಲೆ ಇನ್ನೊಂದು ಸಲ. ಮೂಲೆಯಲ್ಲಿ ದರ್ಶಿನಿ ಇದ್ದರೆ ಒಂದು ಕಾಫಿ ಹಿಡಿದು ನಿಂತುಬಿಡಿ, ಯಾರೂ ಏನೂ ಕೇಳುವುದಿಲ್ಲ.

ನೀವು ನೋಡಬೇಕಾದದ್ದು ಹೆಲ್ಮೆಟ್ ಹಾಕಿಕೊಂಡು ನಂದಿ ಬೆಟ್ಟಕ್ಕೆ ಹೋಗುವವರನ್ನಲ್ಲ. ಅವರು ಭಾನುವಾರ ಬೆಳಗಿನ ಜಾವಕ್ಕೇ ದಾಟಿ ಹೋಗಿರುತ್ತಾರೆ. ರಾತ್ರಿ ಪಾಳಿ ಮುಗಿಸಿ ಬರುವ ಸೆಕ್ಯುರಿಟಿ ಗಾರ್ಡ್, ಹಿಂದೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವವರು, ಪೇಪರ್ ಹುಡುಗರು, ಕಟ್ಟಡ ಕೆಲಸಕ್ಕೆ ಹೋಗುವವರು, ಶಾಲೆ ಮಕ್ಕಳು, ಇವರನ್ನು ನೋಡಿ. ಗಂಟೆಗೆ ಹನ್ನೆರಡು ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ಜಂಕ್ಷನ್ ಹೇಗಿದೆ ಅನ್ನುವುದೇ ಮುಖ್ಯ. ಅವರಿಗೆ ಸರಿಯಾದರೆ ಮಿಕ್ಕವರಿಗೆಲ್ಲ ಸರಿಯಾಗುತ್ತದೆ.

ನೋಟ್‌ಬುಕ್ ಹಾಳೆಯಲ್ಲಿ ಮೂರು ಕಾಲಂ ಹಾಕಿ. ಎಲ್ಲಿಂದ ಬಂದರು, ಎಲ್ಲಿಗೆ ಹೋದರು, ಏನಾಯಿತು. ಮೂರನೆಯದರಲ್ಲಿ ಬರೆಯುವುದು ಚಿಕ್ಕದಾಗಿರಲಿ: ತಟ್ಟನೆ ಬ್ರೇಕ್ ಹಾಕಿದರು, ಕಾಲು ಊರಿದರು, ಇಳಿದು ತಳ್ಳಿಕೊಂಡು ಹೋದರು, ರಾಂಗ್ ಸೈಡ್‌ನಲ್ಲಿ ಬಂದರು. ಕೊನೆಯ ಎರಡನ್ನು ಮರೆಯದೆ ಬರೆದುಕೊಳ್ಳಿ. ಇಳಿದು ತಳ್ಳಿಕೊಂಡು ಹೋಗುವವರು ಬಾಯಿ ಬಿಟ್ಟು ಹೇಳದೇ ಇದ್ದರೂ 'ಇಲ್ಲಿ ತುಳಿಯೋಕಾಗಲ್ಲ' ಅಂತಲೇ ಹೇಳುತ್ತಿದ್ದಾರೆ. ರಾಂಗ್ ಸೈಡ್‌ನಲ್ಲಿ ಬರುವವರನ್ನು ಬೈಯುವ ಮೊದಲು ಮುಂದಿನ ಯು-ಟರ್ನ್ ಎಷ್ಟು ದೂರ ಇದೆ ನೋಡಿ. ಒಂದು ಕಿಲೋಮೀಟರ್ ಇದ್ದರೆ ಸೈಕಲ್‌ನವರು ರಾಂಗ್ ಸೈಡ್‌ನಲ್ಲೇ ಬರುತ್ತಾರೆ. ಕಾರಿನವರಿಗೆ ಖರ್ಚಾಗುವುದು ಪೆಟ್ರೋಲ್, ಇವರಿಗೆ ಮಂಡಿ.

ಈ ಲೆಕ್ಕ ನೀವೇ ಯಾಕೆ ಇಡಬೇಕು? ಸರ್ಕಾರದ ಲೆಕ್ಕ ಬೇರೆ ಥರ ನಡೆಯುತ್ತದೆ. ರಾಷ್ಟ್ರೀಯ ಹೆದ್ದಾರಿಗಳಿಗೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಇಟ್ಟುಕೊಂಡಿರುವ 'ಬ್ಲಾಕ್ ಸ್ಪಾಟ್' ಅಳತೆಯನ್ನೇ ತಗೊಳ್ಳಿ. ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಕ್ಕೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ ಆಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ಆಮೇಲೆ ಅದು ಬ್ಲಾಕ್ ಸ್ಪಾಟ್. ಜಾಲರಿಗೆ ಚಕ್ರ ಸಿಕ್ಕಿ ಬಿದ್ದು, ಮೊಣಕೈ ತರಚಿಕೊಂಡು, ಎದ್ದು ಹಿಂದೆ ಮುಂದೆ ನೋಡಿ, ಹ್ಯಾಂಡಲ್ ನೆಟ್ಟಗೆ ಮಾಡಿಕೊಂಡು ಹೊರಟುಹೋದವರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ನಿಮ್ಮ ಹಾಳೆಯಲ್ಲಿ ಇರಲಿ.

ಹಾಗೆಯೇ, ನಿಮಗೋ ನಿಮ್ಮ ಗೊತ್ತಿನವರಿಗೋ ಗಾಡಿ ತಾಗಿ ಪೆಟ್ಟಾಗಿದ್ದರೆ 'ಬಿಡ್ರೀ, ಯಾಕೆ ಸ್ಟೇಷನ್ ಸಹವಾಸ' ಅನ್ನಬೇಡಿ. ದೂರು ದಾಖಲಾಗಲಿ. ದಾಖಲಾಗದ ಅಪಘಾತ ಆ ಜಂಕ್ಷನ್‌ನ ಲೆಕ್ಕಕ್ಕೆ ಸೇರುವುದಿಲ್ಲ.

ದೋಷ ಯಾವ ಬಗೆಯದು?

ಜಂಕ್ಷನ್‌ನ ತೊಂದರೆಗಳನ್ನು ನಾನು ಮೂರು ಗುಂಪು ಮಾಡಿಕೊಂಡಿದ್ದೇನೆ. ಪುಸ್ತಕದಲ್ಲಿ ಬೇರೆ ಥರ ಇರಬಹುದು. ದೂರು ಕೊಡುವವರಿಗೆ ಇದು ಅನುಕೂಲ, ಯಾಕೆಂದರೆ ಮೂರಕ್ಕೂ ಬಾಗಿಲು ಬೇರೆ ಬೇರೆ.

ಮೊದಲನೆಯದು ಒಡೆದದ್ದು, ಕಿತ್ತದ್ದು, ಮುಚ್ಚಿಹೋದದ್ದು. ಗುಂಡಿ, ಬಾಯಿ ತೆರೆದ ಮ್ಯಾನ್‌ಹೋಲ್, ಉದ್ದ ಸಂದಿನ ಜಾಲರಿ, ಕೆಟ್ಟ ಬೀದಿದೀಪ, ಸಿಗ್ನಲ್ ದೀಪವನ್ನೇ ಮುಚ್ಚಿದ ಕೊಂಬೆ, ಮೂಲೆಗೆ ಕಟ್ಟಿದ ಹುಟ್ಟುಹಬ್ಬದ ಫ್ಲೆಕ್ಸ್. ವೈಟ್ ಟಾಪಿಂಗ್ ಕಾಂಕ್ರೀಟ್ ಮುಗಿದು ಹಳೇ ಟಾರು ಶುರುವಾಗುವ ಕಡೆ ಇರುವ ಮೆಟ್ಟಿಲನ್ನೂ ಇದಕ್ಕೇ ಸೇರಿಸಿ. ಕಾರಿಗೆ ಅದು 'ದಡ್' ಅನ್ನುವ ಸದ್ದು ಅಷ್ಟೇ. ಓರೆಯಾಗಿ ಬಂದ ಸೈಕಲ್‌ನ ಮುಂದಿನ ಚಕ್ರ ಆ ಅಂಚಿಗೆ ಸಿಕ್ಕಿ ಜಾರುತ್ತದೆ. ಈ ಗುಂಪಿನ ಕೆಲಸ ಬೇಗ ಆಗುತ್ತದೆ. ಅಭ್ಯಾಸಕ್ಕೆ ಇಲ್ಲಿಂದಲೇ ಶುರು ಮಾಡಿ.

ಎರಡನೆಯದು ಸಿಗ್ನಲ್ ಹೊತ್ತು. ಇದನ್ನು ಯಾರೂ ಗಮನಿಸುವುದಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜಂಕ್ಷನ್ ಎಷ್ಟು ಅಗಲ ಇದೆ ಅಂತ ಅಳೆಯಲು ಟೇಪ್ ಬೇಡ. ಸೈಕಲ್ ಚಕ್ರವೇ ಟೇಪು. ನಮ್ಮ ಸಾಮಾನ್ಯ ದೊಡ್ಡ ಸೈಕಲ್‌ನ ಚಕ್ರ ಒಂದು ಸುತ್ತು ಉರುಳಿದರೆ ಹತ್ತಿರ ಹತ್ತಿರ 2.2 ಮೀಟರ್. ನಿಮ್ಮ ಸೈಕಲ್‌ನದು ಎಷ್ಟು ಅಂತ ಮನೆ ಅಂಗಳದಲ್ಲಿ ಒಮ್ಮೆ ನೋಡಿಕೊಳ್ಳಿ: ಗಾಳಿ ತುಂಬುವ ವಾಲ್ವ್ ಕೆಳಗೆ ಬಂದಾಗ ಸೀಮೆಸುಣ್ಣದ ಗೆರೆ ಎಳೆಯಿರಿ, ಮತ್ತೆ ಕೆಳಗೆ ಬಂದಾಗ ಇನ್ನೊಂದು ಗೆರೆ. ಆಮೇಲೆ ಪಾದಚಾರಿಗಳಿಗೆ ಹಸಿರು ಬಂದಾಗ ಸ್ಟಾಪ್ ಲೈನ್ ಪಕ್ಕದಿಂದ ಶುರುಮಾಡಿ, ಝೀಬ್ರಾ ಮೇಲೆ ಸೈಕಲ್ ತಳ್ಳಿಕೊಂಡು ಎದುರು ಬದಿಯವರೆಗೆ ಹೋಗಿ. ವಾಲ್ವ್ ಎಷ್ಟು ಸಲ ಕೆಳಗೆ ಬಂತು ಎಣಿಸಿ. ನಮ್ಮ ಜಂಕ್ಷನ್‌ನಲ್ಲಿ ಹದಿನಾರು ಸುತ್ತು ಆಯಿತು. 35 ಮೀಟರ್.

ಈಗ ಲೆಕ್ಕ ಹಾಕಿ. ಗಂಟೆಗೆ 12 ಕಿಲೋಮೀಟರ್ ಅಂದರೆ ಸೆಕೆಂಡಿಗೆ 3.3 ಮೀಟರ್. 35 ಮೀಟರ್ ದಾಟಲು ಹತ್ತೂವರೆ ಸೆಕೆಂಡ್ ಬೇಕು. ಹಸಿರಿನ ಕೊನೇ ಕ್ಷಣದಲ್ಲಿ ನ್ಯಾಯವಾಗಿಯೇ ಒಳಗೆ ಬಂದ ಟೀ ಮಾರುವವರನ್ನು ನೆನೆಸಿಕೊಳ್ಳಿ. ಹಳದಿ ಮೂರು ಸೆಕೆಂಡ್, ನಾಲ್ಕೂ ಕಡೆ ಕೆಂಪು ಎರಡು ಸೆಕೆಂಡ್. ಒಟ್ಟು ಐದು. ಅಷ್ಟು ಹೊತ್ತಿಗೆ ಅವರು ಬಂದಿರುವುದು ಹದಿನೇಳು ಮೀಟರ್, ಸರಿಯಾಗಿ ನಡುಮಧ್ಯಕ್ಕೆ. ಆಗ ಅಡ್ಡ ರಸ್ತೆಗೆ ಹಸಿರು. ಅಲ್ಲಿನ ಬೈಕ್‌ಗಳು ಕೌಂಟ್‌ಡೌನ್‌ನಲ್ಲಿ ಮೂರು ಇರುವಾಗಲೇ ಹೊರಟಿರುತ್ತವೆ, ಗೊತ್ತಲ್ವಾ. ಹಾರ್ನ್ ಮೇಲೆ ಹಾರ್ನ್. 'ಸೈಕಲ್‌ನವರಿಗೆ ಸಿಗ್ನಲ್ ಗೊತ್ತಿಲ್ಲ' ಅನ್ನುವ ಬೈಗುಳ ಬೇರೆ. ಅವರು ಯಾವ ನಿಯಮವನ್ನೂ ಮುರಿದಿಲ್ಲ. ಸಿಗ್ನಲ್ ಹೊತ್ತು ಇಟ್ಟವರು ಅವರನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೇ.

ಹಳದಿ ಎಷ್ಟು, ನಾಲ್ಕೂ ಕಡೆ ಕೆಂಪು ಎಷ್ಟು ಅನ್ನುವುದನ್ನು ಫೋನಿನ ಸ್ಟಾಪ್‌ವಾಚ್‌ನಲ್ಲಿ ಐದಾರು ಸಲ ಅಳೆದು ಬರೆದುಕೊಳ್ಳಿ. ದಿನದ ಹೊತ್ತಿಗೆ ತಕ್ಕಂತೆ ಸಿಗ್ನಲ್ ಲೆಕ್ಕ ಬದಲಾಗುತ್ತದೆ. ಅದಕ್ಕೇ ಯಾವ ಹೊತ್ತಿನ ಅಳತೆ ಅಂತಲೂ ಬರೆದಿಡಿ.

ಮೂರನೆಯದು ಜಂಕ್ಷನ್‌ನ ಆಕಾರ. ಇದು ಕಷ್ಟದ್ದು. ನಮ್ಮಲ್ಲಿ ಎಡಕ್ಕೆ 'ಫ್ರೀ ಲೆಫ್ಟ್' ಬಿಟ್ಟು, ಮೂಲೆಯನ್ನು ಅಗಲವಾಗಿ ಬಳಸಿ ಹೋಗುವಂತೆ ಮಾಡಿರುತ್ತಾರೆ. ಕಾರು ಅಲ್ಲಿ ವೇಗ ಇಳಿಸುವ ಅಗತ್ಯವೇ ಇಲ್ಲ. ಸೈಕಲ್‌ನವರು ರಸ್ತೆಯ ಎಡ ಅಂಚಿನಲ್ಲಿ ನೇರ ಹೋಗುತ್ತಿರುತ್ತಾರೆ. ಬಲಗಡೆಯಿಂದ ಬಂದ ಬಸ್ಸು ಅವರ ಮುಂದೆಯೇ ಎಡಕ್ಕೆ ಹೊರಳುತ್ತದೆ. ಬಸ್ಸಿನ ಎಡ ಮುಂಭಾಗದ ಪಕ್ಕ ಏನಿದೆ ಅಂತ ಚಾಲಕರಿಗೆ ಕಾಣುವುದೇ ಇಲ್ಲ. ಅವರ ಸೀಟಿನಲ್ಲಿ ಕೂತರೆ ನಮಗೂ ಕಾಣುವುದಿಲ್ಲ. ಹೀಗಾಗಿ ಇಲ್ಲಿ ಚಾಲಕರಿಗೆ ಬುದ್ಧಿ ಹೇಳಿದರೆ ಸಾಲದು, ಮೂಲೆಯನ್ನೇ ಬಿಗಿ ಮಾಡಬೇಕು. ಮೂಲೆ ಬಿಗಿಯಾದಷ್ಟೂ ತಿರುಗುವ ಗಾಡಿ ನಿಧಾನ ಆಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು, ಚಾಲಕ ನೋಡಿ ಬ್ರೇಕ್ ಒತ್ತುವ ಒಂದೂವರೆ ಸೆಕೆಂಡ್ ಸೇರಿ, ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 35 ಮೀಟರ್ ಬೇಕು. ಮೂವತ್ತರಲ್ಲಿ ಹೋಗುತ್ತಿದ್ದರೆ 18 ಮೀಟರ್ ಸಾಕು.

ನಮ್ಮ ಊರಿನಲ್ಲಿ ಸೈಕಲ್ ಲೇನ್ ಮಾಡಿಲ್ಲ ಅಂತಲ್ಲ. ಜಯನಗರದಲ್ಲಿ 2012ರ ಸುಮಾರಿಗೇ ಮಾಡಿದರು, ಅದರ ಮೇಲೆ ಕಾರುಗಳು ನಿಂತವು. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಕಂಬ ನೆಟ್ಟು ಪಾಪ್-ಅಪ್ ಲೇನ್, ಅಂದರೆ ತಾತ್ಕಾಲಿಕ ಸೈಕಲ್ ಲೇನ್ ಮಾಡಿದರು. ಕಂಬಗಳು ಮುರಿದವು, ಬೈಕ್‌ಗಳು ನುಗ್ಗಿದವು, ಆಮೇಲೆ ಮೆಟ್ರೋ ಕೆಲಸ ಬಂತು. ನನ್ನ ತಕರಾರು ಬೇರೆಯೇ ಇದೆ. ಲೇನ್ ಇದ್ದ ಕಡೆಯೂ ಅದು ಜಂಕ್ಷನ್ ಹತ್ತಿರ ಬರುತ್ತಿದ್ದಂತೆ ಮಾಯವಾಗುತ್ತದೆ. ಬೇಕಾದ ಕಡೆಯೇ ಇಲ್ಲ. ನೇರ ರಸ್ತೆಯಲ್ಲಿ ಲೇನ್ ಇಲ್ಲದಿದ್ದರೂ ಹೇಗೋ ಹೋಗುತ್ತೇವೆ ಮಾರಾಯ್ರೇ, ಸರ್ಕಲ್ ದಾಟಿಸಿ ಸಾಕು.

ಏನು ಕೇಳಬೇಕು ಅಂತ ಮೊದಲೇ ತೀರ್ಮಾನಿಸಿ

ಫ್ಲೈಓವರ್ ಕೇಳಬೇಡಿ. ಅದು ಸೈಕಲ್‌ನವರಿಗೆ ಆಗುವಂಥದ್ದಲ್ಲ. ಅಲ್ಲದೆ ಆ ಕಡತ ನಿಮ್ಮ ಮಗಳ ಮದುವೆ ಹೊತ್ತಿಗೆ ಮುಂದೆ ಹೋದೀತು. ಸಣ್ಣದು ಕೇಳಿ.

ಜಾಲರಿ ತಿರುಗಿಸುವುದು. ಸ್ಟಾಪ್ ಲೈನನ್ನು ಎರಡು ಮೂರು ಮೀಟರ್ ಹಿಂದೆ ಸರಿಸಿ, ಮುಂದೆ ಸೈಕಲ್ ನಿಲ್ಲಲು ಬಣ್ಣ ಬಳಿದ ಚೌಕ ಮಾಡುವುದು. ಆಗ ಹಸಿರು ಬಂದಾಗ ಸೈಕಲ್‌ಗಳು ಬಸ್ಸಿನ ಕಣ್ಣೆದುರೇ ಇರುತ್ತವೆ, ಪಕ್ಕೆಯಲ್ಲಿ ಅಲ್ಲ. ನಾಲ್ಕೂ ಕಡೆಯ ಕೆಂಪನ್ನು ಎರಡು ಮೂರು ಸೆಕೆಂಡ್ ಜಾಸ್ತಿ ಮಾಡುವುದು. ಫ್ರೀ ಲೆಫ್ಟ್ ಮೂಲೆಗೆ ಬಗ್ಗುವ ಪ್ಲಾಸ್ಟಿಕ್ ಕಂಬ ನೆಟ್ಟು ತಿರುವು ಬಿಗಿ ಮಾಡುವುದು. ಎಡ ತಿರುವಿನ ಝೀಬ್ರಾವನ್ನು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸುವುದು. ಡಿವೈಡರ್‌ನಲ್ಲಿ ಸೈಕಲ್ ಮತ್ತು ನಡೆಯುವವರಿಗೆ ಮಾತ್ರ ಸಂದು ಬಿಡುವುದು. ಬಣ್ಣ, ಕಂಬ, ಸಿಗ್ನಲ್ ಹೊತ್ತು, ಇವೆಲ್ಲ ಮೂರು ತಿಂಗಳು ಪ್ರಯೋಗ ಮಾಡಿ ನೋಡಿ, ಸರಿಯಾಗದಿದ್ದರೆ ತೆಗೆದುಬಿಡಬಹುದಾದ ಕೆಲಸಗಳು. 'ಟ್ರಯಲ್ ಮಾಡಿ ನೋಡೋಣ ಸಾರ್' ಅನ್ನುವ ಮಾತಿಗೆ ಇರುವ ಬಲ 'ಶಾಶ್ವತ ಪರಿಹಾರ' ಅನ್ನುವುದಕ್ಕೆ ಇಲ್ಲ.

ಹಂಪ್ ಕೇಳುವಾಗ ಮಾತ್ರ ಹುಷಾರು. ರಾತ್ರೋರಾತ್ರಿ ಒಂದು ಬುಟ್ಟಿ ಟಾರು ಸುರಿದು ದಿಬ್ಬ ಮಾಡಿ ಹೋಗುತ್ತಾರೆ. ಕತ್ತಲಲ್ಲಿ ಸೈಕಲ್ ಅದರ ಮೇಲಿಂದ ಹಾರುತ್ತದೆ. ರಸ್ತೆಗಳಿಗೆ ಮಾನದಂಡ ಬರೆಯುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಅಳತೆ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅರ್ಜಿಯಲ್ಲಿ ಈ ಅಳತೆಯನ್ನೇ ಬರೆಯಿರಿ. ಸೈಕಲ್ ಪಥಗಳ ವಿನ್ಯಾಸಕ್ಕೆ ಅದೇ ಸಂಸ್ಥೆಯ ಐಆರ್‌ಸಿ 11-2015 ಅನ್ನುವ ಮಾರ್ಗಸೂಚಿ ಇದೆ, ಅದರ ಹೆಸರೂ ಒಂದು ಸಾಲು ಬರಲಿ. ನೀವು ಪೂರ್ತಿ ಓದಿರಬೇಕು ಅಂತೇನಿಲ್ಲ. ಆದರೆ ಐಆರ್‌ಸಿ ಅಂತ ಬರೆದ ಅರ್ಜಿಯನ್ನು ಇಂಜಿನಿಯರ್ ಎರಡು ಸಲ ಓದುತ್ತಾರೆ.

ಯಾವ ಬಾಗಿಲು ತಟ್ಟಬೇಕು

ಬೆಂಗಳೂರಿನಲ್ಲಿ ಒಂದೇ ಜಂಕ್ಷನ್‌ಗೆ ಐದಾರು ಯಜಮಾನರು. ತಪ್ಪು ಬಾಗಿಲು ತಟ್ಟಿದರೆ 'ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಅನ್ನುವ ಒಂದು ಸಾಲು ಬರುತ್ತದೆ, ಅದೂ ತಿಂಗಳ ಮೇಲೆ.

ರಸ್ತೆ ಮೇಲ್ಮೈ, ಫುಟ್‌ಪಾತ್, ಮಳೆನೀರಿನ ಚರಂಡಿ, ಬೀದಿದೀಪ, ಕೊಂಬೆ ಇವೆಲ್ಲ ಪಾಲಿಕೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆಗಳಾಗಿವೆ. ನಿಮ್ಮ ಜಂಕ್ಷನ್ ಯಾವುದಕ್ಕೆ ಸೇರಿದ್ದು ಅಂತ ಮೊದಲು ನೋಡಿಕೊಳ್ಳಿ. ದೊಡ್ಡ ರಸ್ತೆಗಳಲ್ಲಿ ಒಂದು ಬದಿ ಒಂದು ಪಾಲಿಕೆಗೆ, ಇನ್ನೊಂದು ಬದಿ ಇನ್ನೊಂದಕ್ಕೆ ಸೇರಿರಬಹುದು. ಸಹಾಯವಾಣಿ 1533.

ಒಳಚರಂಡಿಯ ಮ್ಯಾನ್‌ಹೋಲ್ ಜಲಮಂಡಳಿಯದು, 1916. ಮಳೆನೀರಿನ ಚರಂಡಿ ಮತ್ತು ಒಳಚರಂಡಿ ಎರಡೂ ಒಂದೇ ಅಂದುಕೊಂಡು ನಾನು ಒಂದು ತಿಂಗಳು ಕಳೆದುಕೊಂಡೆ. ಗುಂಡನೆಯ ಮುಚ್ಚಳ ಇದ್ದರೆ ಸಾಮಾನ್ಯವಾಗಿ ಜಲಮಂಡಳಿ, ಅಂಚಿನಲ್ಲಿ ಜಾಲರಿ ಇದ್ದರೆ ಪಾಲಿಕೆ. ಟ್ರಾನ್ಸ್‌ಫಾರ್ಮರ್, ಜೋತುಬಿದ್ದ ವಿದ್ಯುತ್ ತಂತಿ ಬೆಸ್ಕಾಂ, 1912. ರಾಷ್ಟ್ರೀಯ ಹೆದ್ದಾರಿಯಾದರೆ 1033. ಮೆಟ್ರೋ ಕೆಲಸದ ತಗಡು ಮೂಲೆಯನ್ನೇ ಮರೆಮಾಡಿದ್ದರೆ ಮೆಟ್ರೋ ನಿಗಮಕ್ಕೆ (ಬಿಎಂಆರ್‌ಸಿಎಲ್) ಬರೆಯಿರಿ, ಅದರ ಒಂದು ನಕಲು ಸಂಚಾರ ಠಾಣೆಗೂ ಹೋಗಲಿ.

ಸಿಗ್ನಲ್ ಹೊತ್ತು ಸಂಚಾರ ಪೊಲೀಸರ ಕೈಯಲ್ಲಿದೆ. ಇದಕ್ಕೆ ಆ್ಯಪ್‌ಗಿಂತ ನೇರವಾಗಿ ಆ ಏರಿಯಾದ ಸಂಚಾರ ಠಾಣೆಗೆ ಹೋಗಿ ಇನ್‌ಸ್ಪೆಕ್ಟರ್‌ಗೆ ಅರ್ಜಿ ಕೊಡುವುದು ಒಳ್ಳೆಯದು. ಬೆಳಿಗ್ಗೆ ಹೋಗಬೇಡಿ, ಅವರು ರಸ್ತೆಯಲ್ಲಿರುತ್ತಾರೆ. ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. ಮೂಲೆಯಲ್ಲಿ ಕಾರು ನಿಲ್ಲಿಸುವಂಥ ನಿಯಮ ಉಲ್ಲಂಘನೆಯ ಫೋಟೋಗಳನ್ನು ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್‌ನಲ್ಲಿ ಕಳಿಸಬಹುದು. ಇಲ್ಲೊಂದು ಮಾತು: ತಳ್ಳುಗಾಡಿಯವರ ಫೋಟೋ ಕಳಿಸಲು ಹೋಗಬೇಡಿ. ಹಣ್ಣಿನ ಗಾಡಿ ಎತ್ತಿಸಿದರೆ ಆ ಜಾಗಕ್ಕೆ ಬರುವುದು ಸೈಕಲ್ ಅಲ್ಲ, ಇನ್ನೊಂದು ಕಾರು. ನಾನು ನೋಡಿದ್ದೇನೆ.

ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಎಲ್ಲೇ ಇದ್ದರೂ ಯಾವ ಇಲಾಖೆ ಅಂತ ಗೊತ್ತಾಗದಿದ್ದರೆ ರಾಜ್ಯ ಸರ್ಕಾರದ ಜನಸ್ಪಂದನ ಇದೆ, 1902. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಒಂದು ಪ್ರತಿ ಕೊಡಿ. ಪೊಲೀಸ್, ಲೋಕೋಪಯೋಗಿ, ಪಾಲಿಕೆ, ಸಾರಿಗೆ ಇಲಾಖೆ ಎಲ್ಲರೂ ಒಂದೇ ಮೇಜಿನ ಸುತ್ತ ಕೂರುವುದು ಅಲ್ಲಿ. 'ಅದು ಅವರದ್ದು' ಅಂತ ಬೆರಳು ತೋರಿಸಿದರೆ 'ಅವರು' ಎದುರೇ ಇರುತ್ತಾರೆ.

ಇನ್ನು ಈ ಕ್ಷಣವೇ ಜೀವ ಹೋಗುವಂಥ ಅಪಾಯ, ಉದಾಹರಣೆಗೆ ನಡುರಸ್ತೆಯಲ್ಲಿ ಮುಚ್ಚಳವಿಲ್ಲದ ಮ್ಯಾನ್‌ಹೋಲ್ ಕಂಡರೆ, ಮೊದಲು 112. ನಮ್ಮ ಜನ ಅಷ್ಟು ಹೊತ್ತಿಗೆ ಅದಕ್ಕೊಂದು ಮರದ ಕೊಂಬೆ ಸಿಗಿಸಿರುತ್ತಾರೆ. ನಗಬೇಡಿ, ಆ ಕೊಂಬೆ ಎಷ್ಟೋ ಜನರನ್ನು ಉಳಿಸಿದೆ. ಆದರೆ ಗುಂಡಿಗೆ ಕಲ್ಲು ಮಾತ್ರ ತುಂಬಬೇಡಿ. ಚಕ್ರ ತಾಗಿ ಅದು ರಸ್ತೆಗೆ ಉರುಳಿದರೆ ಹಿಂದೆ ಬರುವ ಬೈಕ್‌ಗೆ ಯಮ. ನೀವೇ ರಸ್ತೆಗೆ ಬಣ್ಣ ಹೊಡೆಯುವ ಉತ್ಸಾಹವೂ ಬೇಡ. ಕೇಸು ನಿಮ್ಮ ಮೇಲೇ ಬೀಳಬಹುದು.

ಅರ್ಜಿ ಬರೆಯುವುದು

ಆಯಾ ಇಲಾಖೆಯ ಆ್ಯಪ್‌ನಲ್ಲಿ ದೂರು ಹಾಕಿ, ದೂರು ಸಂಖ್ಯೆ ಬರೆದುಕೊಳ್ಳಿ. ಜೊತೆಗೆ ಕಾಗದದಲ್ಲೂ ಕೊಡಿ. ಒಂದು ಪುಟ ಸಾಕು. ನನ್ನದು ಹೀಗಿತ್ತು:

"ವಿಷಯ: ಅಡ್ಡ ರಸ್ತೆ ಜಂಕ್ಷನ್‌ನ ಈಶಾನ್ಯ ಮೂಲೆಯ ಚರಂಡಿ ಜಾಲರಿ ತಿರುಗಿಸಿ ಕೂರಿಸುವ ಬಗ್ಗೆ.

ಮಾನ್ಯರೇ, ಮೇಲ್ಕಂಡ ಜಾಗದಲ್ಲಿ ಔಷಧಿ ಅಂಗಡಿ ಎದುರು ಇರುವ ಜಾಲರಿಯ ಸಂದುಗಳು ರಸ್ತೆಯ ಉದ್ದಕ್ಕೇ ಇದ್ದು, ತಲಾ ಎರಡು ಇಂಚು ಅಗಲ ಇವೆ. ಸೈಕಲ್ ಚಕ್ರ ಇದರೊಳಗೆ ಇಳಿಯುತ್ತದೆ. ಬೆಳಿಗ್ಗೆ 8.30ರಿಂದ 9.30ರವರೆಗೆ ನಾನು ಎಣಿಸಿದಂತೆ 41 ಸೈಕಲ್‌ಗಳು ಇಲ್ಲಿ ಹಾದುಹೋದವು. ಅವುಗಳಲ್ಲಿ 17 ಜನ ಜಾಲರಿ ತಪ್ಪಿಸಲು ಬಸ್ಸುಗಳು ಬರುವ ಕಡೆಗೆ ಸರಿದರು. ಜಾಲರಿಯನ್ನು ತೊಂಬತ್ತು ಡಿಗ್ರಿ ತಿರುಗಿಸಿ, ರಸ್ತೆ ಮಟ್ಟಕ್ಕೆ ಕೂರಿಸಲು ಕೋರುತ್ತೇನೆ. ಮೂರು ಫೋಟೋ, ನಕ್ಷೆ ಲಗತ್ತಿಸಿದೆ. ಸ್ಥಳ ಪರಿಶೀಲನೆಗೆ ಬರುವ ದಿನ ತಿಳಿಸಿದರೆ ನಾನು ಹಾಜರಿರುತ್ತೇನೆ."

ಫೋಟೋ ಮೂರೇ ಇರಲಿ. ಒಂದು ದೂರದಿಂದ, ಅಂಗಡಿ ಬೋರ್ಡೋ ಕಂಬದ ಸಂಖ್ಯೆಯೋ ಕಾಣುವಂತೆ. ಒಂದು ಹತ್ತಿರದಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಸ್ಕೇಲ್ ಇಲ್ಲದಿದ್ದರೆ ನೀರಿನ ಬಾಟಲಿಯಾದರೂ ಇರಲಿ. ಮೂರನೆಯದು ಸೈಕಲ್‌ನವರ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆ, ಹ್ಯಾಂಡಲ್ ಎತ್ತರದಿಂದ. ಜಾಲತಾಣದಲ್ಲಿ ಹಾಕುವುದಾದರೆ ಜನರ ಮುಖ, ನಂಬರ್ ಪ್ಲೇಟ್ ಮಸುಕು ಮಾಡಿ.

ಕೊನೆಯ ಸಾಲನ್ನು, ಅಂದರೆ ನಾನು ಹಾಜರಿರುತ್ತೇನೆ ಅನ್ನುವುದನ್ನು, ಬಿಡಬೇಡಿ. ಬರುವ ಮನುಷ್ಯ ಇದ್ದಾನೆ ಅಂದರೆ ಅರ್ಜಿಗೆ ಬೇರೆಯೇ ತೂಕ.

ಎರಡು ಪ್ರತಿ ತೆಗೆದುಕೊಂಡು ಹೋಗಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಆ ಸೀಲಿಲ್ಲದೆ ಮುಂದಿನ ಯಾವ ಹೆಜ್ಜೆಗೂ ಕಾಲು ಇರುವುದಿಲ್ಲ.

ಬೆನ್ನು ಬಿಡದಿರುವುದು

ನನ್ನ ಮೊದಲ ದೂರು ಮೂರೇ ದಿನಕ್ಕೆ 'ಪರಿಹರಿಸಲಾಗಿದೆ' ಅಂತ ಮುಚ್ಚಿಹೋಯಿತು. ಜೊತೆಗೆ ಒಂದು ಫೋಟೋ ಬೇರೆ ಹಾಕಿದ್ದರು. ಬೇರೆ ಯಾವುದೋ ರಸ್ತೆ, ಬೇರೆ ಯಾವುದೋ ಜಾಲರಿ. ಆ ಜಾಲರಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು.

ಹೀಗಾದರೆ ಜಗಳಕ್ಕೆ ಹೋಗಬೇಡಿ. ಅದೇ ದಿನ ಜಾಗದ ಹೊಸ ಫೋಟೋ ತೆಗೆದು, ಹಳೇ ದೂರು ಸಂಖ್ಯೆ ಬರೆದು, ಮತ್ತೆ ದೂರು ಹಾಕಿ. ಹದಿನೈದು ದಿನ ಕಾಯಿರಿ. ಆಮೇಲೆ ಕಾರ್ಯಪಾಲಕ ಇಂಜಿನಿಯರ್‌ಗೆ, ಸೀಲು ಹಾಕಿದ ಪ್ರತಿ ಲಗತ್ತಿಸಿ, ಲಿಖಿತ ಹಿಂಬರಹ, ಅಂದರೆ ಅರ್ಜಿಗೆ ಕಚೇರಿ ಬರೆದು ಕೊಡುವ ಉತ್ತರ, ಕೊಡಿ ಅಂತ ಕೇಳಿ. ಹಿಂಬರಹ ಅನ್ನುವ ಪದವನ್ನೇ ಬಳಸಿ. 'ಆಗುವುದಿಲ್ಲ' ಅನ್ನುವುದನ್ನು ಬಾಯಲ್ಲಿ ಹೇಳುವುದು ಸುಲಭ, ಬರೆದು ಸಹಿ ಹಾಕುವುದು ಕಷ್ಟ.

ಅದಕ್ಕೂ ಜಗ್ಗದಿದ್ದರೆ ಮಾಹಿತಿ ಹಕ್ಕು. ಶುಲ್ಕ ಹತ್ತು ರೂಪಾಯಿ, ಪೋಸ್ಟಲ್ ಆರ್ಡರ್ ಕೊಡಬಹುದು, ರಾಜ್ಯದ ಆನ್‌ಲೈನ್ ಪೋರ್ಟಲ್‌ನಲ್ಲೂ ಹಾಕಬಹುದು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೊದಲ ಮೇಲ್ಮನವಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಉದ್ದ ಬರೆದು ವಾಪಸ್ ಬರಿಸಿಕೊಳ್ಳುತ್ತಾರೆ. ಇನ್ನೊಂದು ತಪ್ಪು, 'ಯಾಕೆ ಸರಿ ಮಾಡಿಲ್ಲ?' ಅಂತ ಕೇಳುವುದು. ಯಾಕೆ ಅನ್ನುವುದಕ್ಕೆ ಈ ಕಾಯ್ದೆಯಲ್ಲಿ ಉತ್ತರ ಸಿಗುವುದಿಲ್ಲ, ದಾಖಲೆಗೆ ಸಿಗುತ್ತದೆ. ಹೀಗೆ ಕೇಳಿ: ಇಂಥ ದೂರಿನ ಮೇಲೆ ನಡೆದ ಸ್ಥಳ ಪರಿಶೀಲನೆ ವರದಿಯ ಪ್ರತಿ ಕೊಡಿ. ಈ ರಸ್ತೆಗೆ ಕೊನೆಯ ಸಲ ಟಾರು ಹಾಕಿದ ಕಾಮಗಾರಿಯ ಕಾರ್ಯಾದೇಶ, ಮುಗಿದ ದಿನಾಂಕ, ಗುತ್ತಿಗೆದಾರರ ದೋಷ ಹೊಣೆ ಅವಧಿ ಮುಗಿಯುವ ದಿನಾಂಕ ಕೊಡಿ.

ಕೊನೆಯದು ಚಿನ್ನ. ಆಫೀಸುಗಳಲ್ಲಿ ಇದನ್ನು ಡಿಎಲ್‌ಪಿ ಅನ್ನುತ್ತಾರೆ. ಅವಧಿ ಇನ್ನೂ ಮುಗಿದಿಲ್ಲ ಅಂತಾದರೆ ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. 'ಅನುದಾನ ಇಲ್ಲ' ಅನ್ನುವ ಮಾತಿಗೆ ಅಲ್ಲಿಗೆ ಜಾಗವೇ ಇಲ್ಲ.

ಸಂಚಾರ ಪೊಲೀಸರಿಗೆ ಬೇರೆ ಅರ್ಜಿ: ಈ ಜಂಕ್ಷನ್‌ನಲ್ಲಿ ಕಳೆದ ಮೂರು ವರ್ಷ ನಡೆದ ಅಪಘಾತಗಳ ದಿನಾಂಕ, ಹೊತ್ತು, ಸೇರಿದ್ದ ವಾಹನಗಳ ಬಗೆ. ಹೆಸರುಗಳು ಬೇಡ. ರಾತ್ರಿ ಹೊತ್ತಿನದೇ ಜಾಸ್ತಿ ಅಂತ ಬಂದರೆ ನಿಮ್ಮ ಮುಂದಿನ ದೂರು ಬೀದಿದೀಪದ್ದು.

ಕಾನೂನಿನ ಮಾತೂ ಒಂದಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಅನ್ನುವ ಕಲಂ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಯಾದ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಇದನ್ನು ಮೊದಲ ಅರ್ಜಿಯಲ್ಲಿ ಬರೆಯಬೇಡಿ, ಬೆದರಿಕೆ ಥರ ಕೇಳುತ್ತದೆ. ಮೂರನೆಯದರಲ್ಲಿ ಬರೆಯಿರಿ. ಅಪಾಯ ಇದೆ ಅಂತ ಇಂಥ ದಿನ ತಿಳಿಸಿದ್ದೆವು ಅನ್ನುವ ದಾಖಲೆ ಆಗುತ್ತದೆ.

ಇಂಜಿನಿಯರ್ ಬಂದ ದಿನ

ಒಬ್ಬರೇ ಹೋಗಬೇಡಿ, ಇಪ್ಪತ್ತು ಜನ ಸೇರಿಸಲೂ ಬೇಡಿ. ಮೂರ್ನಾಲ್ಕು ಜನ ಸಾಕು, ಅದರಲ್ಲಿ ದಿನಾ ಅಲ್ಲಿ ಸೈಕಲ್ ತುಳಿಯುವ ಒಬ್ಬರಾದರೂ ಇರಲಿ. ನಮ್ಮ ಜೊತೆ ಆ ದಿನ ಅಪಾರ್ಟ್‌ಮೆಂಟ್‌ನ ಸೆಕ್ಯುರಿಟಿ ಅಣ್ಣ ಬಂದಿದ್ದರು. ಹಳೇ ಕಪ್ಪು ಸೈಕಲ್, ಹ್ಯಾಂಡಲ್‌ಗೆ ಊಟದ ಡಬ್ಬಿ ನೇತುಹಾಕಿದ್ದರು.

ಎಂಜಿನ್ ಆಫ್ ಮಾಡದೆ ಜೀಪ್ ನಿಲ್ಲಿಸಿ ಇಳಿದ ಸಹಾಯಕ ಇಂಜಿನಿಯರ್ ಜಾಲರಿ ನೋಡಿ, "ಏನ್ ಸಾರ್, ಚೆನ್ನಾಗೇ ಇದೆಯಲ್ಲ, ಒಡೆದಿಲ್ಲವಲ್ಲ" ಅಂದರು. ಅದೂ ನಿಜವೇ. ಒಡೆದಿರಲಿಲ್ಲ. ನಾನು ಫೈಲು ತೆಗೆಯುವಷ್ಟರಲ್ಲಿ ಸೆಕ್ಯುರಿಟಿ ಅಣ್ಣ ಸೈಕಲ್ ತಳ್ಳಿಕೊಂಡು ಬಂದು ಮುಂದಿನ ಚಕ್ರವನ್ನು ಸುಮ್ಮನೆ ಜಾಲರಿಯ ಮೇಲೆ ಬಿಟ್ಟರು. ಅದು ಸದ್ದಿಲ್ಲದೆ ಸಂದಿನೊಳಗೆ ಇಳಿದು ನಿಂತಿತು. ಅವರು ಹ್ಯಾಂಡಲ್‌ನಿಂದ ಕೈ ತೆಗೆದರು. ಸೈಕಲ್ ಬೀಳಲಿಲ್ಲ. ಸ್ಟ್ಯಾಂಡ್ ಹಾಕಿದ ಹಾಗೆ ನೆಟ್ಟಗೆ ನಿಂತಿತ್ತು, ಡಬ್ಬಿ ಮಾತ್ರ ತೂಗಾಡುತ್ತಿತ್ತು. ಇಂಜಿನಿಯರ್ ಒಂದು ನಿಮಿಷ ಅದನ್ನೇ ನೋಡಿದರು. ಆಮೇಲೆ ಫೋನ್ ತೆಗೆದು ಯಾರಿಗೋ, "ವೆಲ್ಡಿಂಗ್‌ನವರು ಯಾವಾಗ ಫ್ರೀ ಇದ್ದಾರೆ ನೋಡ್ರೀ" ಅಂದರು.

ಹಾಗಾಗಿ ತೋರಿಸಿ. ಸಿಗ್ನಲ್ ಹೊತ್ತಿನ ತೊಂದರೆಯಾದರೆ ಸ್ಟಾಪ್‌ವಾಚ್ ಅವರ ಕೈಗೇ ಕೊಡಿ. ಮೂಲೆಯ ತೊಂದರೆಯಾದರೆ ಹತ್ತು ನಿಮಿಷ ನಿಲ್ಲಿಸಿಕೊಂಡು ಬಸ್ಸು ತಿರುಗುವುದನ್ನು ನೋಡಿಸಿ. ಅವರು ಒಪ್ಪಿದ್ದನ್ನು ಅದೇ ಸಂಜೆ ನಾಲ್ಕು ಸಾಲಿನಲ್ಲಿ ಇಮೇಲ್ ಮಾಡಿ: ಇಂದು ಬಂದಿದ್ದಕ್ಕೆ ಧನ್ಯವಾದ, ಇಂಥ ಕೆಲಸ ಇಷ್ಟು ದಿನದಲ್ಲಿ ಅಂತ ಹೇಳಿದ್ದೀರಿ. ವರ್ಗಾವಣೆಯಾಗಿ ಅವರ ಜಾಗಕ್ಕೆ ಇನ್ನೊಬ್ಬರು ಬಂದರೆ ಆ ಇಮೇಲ್ ಒಂದೇ ಉಳಿಯುವುದು.

ಆದ ಮೇಲೆ

ಕೆಲಸ ಮುಗಿದ ವಾರದಲ್ಲೇ ಮತ್ತೆ ಒಂದು ಗಂಟೆ ನಿಂತು ಎಣಿಸಿ, ಅದೇ ಹೊತ್ತಿಗೆ, ಅದೇ ಮೂರು ಕಾಲಂ. ಜಾಲರಿ ತಿರುಗಿಸಿದ ಮೇಲೆ ಬಸ್ಸಿನ ಕಡೆ ಸರಿದವರು ಹದಿನೇಳರಿಂದ ಮೂರಕ್ಕೆ ಇಳಿದರು. ಆ ಮೂವರೂ ಹಳೇ ಅಭ್ಯಾಸದಿಂದ ಸರಿದರು ಅನಿಸುತ್ತದೆ. ಈ ಎರಡು ಹಾಳೆಗಳನ್ನು ಒಟ್ಟಿಗೆ ಇಟ್ಟು ಇಂಜಿನಿಯರ್‌ಗೆ ಒಂದು ಥ್ಯಾಂಕ್ಸ್ ಪತ್ರ ಕೊಟ್ಟೆ, ಮೇಲಧಿಕಾರಿಗೂ ಪ್ರತಿ. ಮುಂದಿನ ಅರ್ಜಿ, ಅಂದರೆ ನಾಲ್ಕೂ ಕಡೆ ಕೆಂಪು ಜಾಸ್ತಿ ಮಾಡುವುದು, ಠಾಣೆಗೆ ಹೋದಾಗ ಇವೇ ಹಾಳೆಗಳನ್ನು ಜೊತೆಗೆ ಇಟ್ಟೆ. ಇನ್‌ಸ್ಪೆಕ್ಟರ್ ಒಂದು ಸೆಕೆಂಡ್ ಜಾಸ್ತಿ ಮಾಡಿಕೊಟ್ಟಿದ್ದಾರೆ. ಮೂರು ಕೇಳಿದ್ದೆ.

ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ನವೆಂಬರ್‌ನಲ್ಲಿ, ಟಾರು ಹಾಕುವ ಕೆಲಸ ಶುರುವಾಗುತ್ತದೆ. ನಿಮ್ಮ ರಸ್ತೆಯ ಹೆಸರು ಪಟ್ಟಿಯಲ್ಲಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಜಾಲರಿಯನ್ನು ಹೊಸ ಮಟ್ಟಕ್ಕೆ ಎತ್ತಿಸಿ ಅಂತ ಟಾರು ಬೀಳುವ ಮುಂಚೆಯೇ ಬರೆದು ಕೊಡಿ. ನಾನು ಈ ವರ್ಷ ತಡ ಮಾಡಿದೆ. ಜಾಲರಿ ಈಗಲೂ ಅಡ್ಡಲಾಗಿಯೇ ಇದೆ, ಆದರೆ ಅದರ ಸುತ್ತ ಮೂರು ಇಂಚು ಹೊಸ ಟಾರು ಎದ್ದು ನಿಂತಿದೆ. ಸೋಮವಾರ ಹೊಸ ದೂರು ಹಾಕಿದ್ದೇನೆ, ಸ್ಕೇಲ್ ಇಟ್ಟು ತೆಗೆದ ಫೋಟೋ ಸಮೇತ. ಡಿಎಲ್‌ಪಿ ಇನ್ನೂ ಇದೆ.